ಕಡೆಯ ಪಾವಟಿಗೆ

ಬಾಗಿಲ ಕೆಳಗಿನ ಸಂದಿಯಿಂದ ರಹಿಮಾಬಿಗೆ ಕಂಡದ್ದು ಬರೀ ಕಾಲುಗಳು. ಟ್ರ್ಯಾಕ್ಟರಿನಿಂದ ಇಳಿಸಿದ ಕಲ್ಲಿನ ಸುತ್ತ ಊರಿನ ಗಂಡಸರ ಕಾಲುಗಳೆಲ್ಲ ನೆರೆದಿದ್ದವು. ಕೊಲ್ಹಾಪುರಿ ಚಪ್ಪಲಿ ಹಾಕಿದವು ಪಂಚಾಯಿತಿ ಚೇರಮನ್ ಭಾವುಸಾಹೇಬನವು. ಬೂಟಿನವು ವಿರುಪಾಕ್ಷಪ್ಪ ಮಾಸ್ತರರವು. ಮಣ್ಣು ಹತ್ತಿದ ಬರಿಗಾಲುಗಳು ಅವಳ ಗಂಡನ ಗೆಳೆಯ ಮುರಗೆಪ್ಪನವು. ಅವು ಮಾತ್ರ ನಿಂತಲ್ಲಿ ನಿಲ್ಲದೆ ಹಿಂದೆ ಮುಂದೆ ಆಡುತ್ತಿದ್ದವು. ಇವ ಏನೋ ಹೇಳಬೇಕೆಂದಿದ್ದಾನೆ, ಬಾಯಿ ಬರುತ್ತಿಲ್ಲ ಎಂದು ಅವಳಿಗೆ ಕಾಲು ನೋಡಿಯೇ ತಿಳಿಯಿತು.

"ಏನ್ ಕಲ್ಲರೀ ಇದು," ಭಾವುಸಾಹೇಬನ ದನಿ ಕೇಳಿಸಿತು. "ಆಳುದ್ದ ಐತಿ ನೋಡ್ರಿ. ಹವಾಲ್ದಾರ ತನ್ನ ಸ್ಮಾರಕದ ಕಲ್ಲು ತಾನ ಹೇಳಿಟ್ಟು ಹೋಗ್ಯಾನ. ಪುಣ್ಯವಂತರಿಗೆ ಮೊದಲ ಗೊತ್ತಾಗಿರತೈತಿ."

"ಖರೇ ಐತಿ," ಎಂದರು ಮಾಸ್ತರರು. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಆ ವರ್ಷ ಅದೇ ಮೊದಲು.

ರಹಿಮಾಬಿಯ ಗಂಡ, ಫೌಜಿನಲ್ಲಿ ಹವಾಲ್ದಾರನಾಗಿದ್ದ ಇಮಾಮಸಾಬ, ತೀರಿಕೊಂಡು ಮೂರನೆಯ ದಿನ. ಗೋರಿಗೆ ಹೂ ಏರಿಸಿ ಜಿಯಾರತ್ ಮುಗಿಸಿಕೊಂಡು ಬಂದ ಮಂದಿ ಇನ್ನೂ ಚದುರಿರಲಿಲ್ಲ; ಅಷ್ಟರಲ್ಲಿ ಮುಗಳಖೋಡದ ಕಡೆಯ ಖಣಿಯಿಂದ ಆ ಕರಿಕಲ್ಲು ಬಂದು ಮನೆಯ ಮುಂದೆ ಇಳಿದಿತ್ತು. ಸತ್ತವನು ಎರಡು ತಿಂಗಳ ಹಿಂದೆ ಹೇಳಿಟ್ಟ ಕಲ್ಲು. ಯಾತಕ್ಕೆ ಹೇಳಿದ್ದನೆಂದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಬಾಗಿಲ ಹಿಂದೆ, ಇನ್ನೊಬ್ಬ ಬಾಗಿಲ ಮುಂದೆ ಕಾಲು ಆಡಿಸುತ್ತ ನಿಂತಿದ್ದ.

"ಅದು ಪಾವಟಿಗಿ ಕಲ್ಲರೀ," ಅವಳು ಒಳಗಿಂದಲೇ ಕೂಗಿದಳು. "ಹೊಳಿಗೆ ಇಳಿಯೂ ಪಾವಟಿಗಿದು."

ಭಾವುಸಾಹೇಬ ಬಾಗಿಲ ಹತ್ತಿರ ಬಂದು ಮೆತ್ತಗೆ, ಹಸುಗೂಸಿಗೆ ಹೇಳುವಂತೆ ಹೇಳಿದ. "ವೈನಿ, ನೀವು ದುಃಖದಾಗ ಅದೀರಿ. ಒಳಗ ಇರ್ರಿ. ಇದನ್ನೆಲ್ಲಾ ಊರು ನೋಡಕೊಂತೈತಿ."

ಊರು ನೋಡಿಕೊಳ್ಳುತ್ತದೆ ಎಂದರೆ ಆ ಕೆಲಸ ಕೆಟ್ಟಿತೆಂದೇ ತಿಳಿ ಎಂದು ಇಮಾಮಸಾಬ ಯಾವಾಗಲೂ ಹೇಳುತ್ತಿದ್ದ. ಅವಳು ಎದ್ದು ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಮಗಳು ಕಮರುನ್ನಿಸಾ ಬಂದು ಕೈ ಹಿಡಿದಳು. ಗಂಡ ಸತ್ತವಳು ಇದ್ದತ್ ಕೂರಬೇಕು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಚಿಲಕ ಹಿಡಿದ ಕೈ ಹಾಗೇ ನಿಂತಿರುವಾಗ ಹೊರಗೆ ತೆಂಗಿನಕಾಯಿ ಒಡೆದ ಸದ್ದು ಕೇಳಿತು. ಕರ್ಪೂರದ ವಾಸನೆ ಬಂತು. ಕಾಯಿಯ ನೀರು ಕಲ್ಲಿನ ಮೇಲಿಂದ ಹರಿದು ಬಾಗಿಲ ಸಂದಿಯವರೆಗೂ ಬಂದು ನಿಂತಿತು.

ಊರಿನವರ ಭಕ್ತಿಗೆ ಏನೂ ಕೊರತೆಯಿರಲಿಲ್ಲ. ಕಲ್ಲಿಗೆ ಕುಂಕುಮ ಹಚ್ಚಿ, ಹೂವು ಏರಿಸಿ, ಹವಾಲ್ದಾರ ಇಮಾಮಸಾಬನಿಗೆ ಜಯವಾಗಲೆಂದು ಕೂಗಿ, ಅದನ್ನು ಚಾವಡಿಯ ಮುಂದಕ್ಕೆ ಸಾಗಿಸಿಬಿಟ್ಟರು. ರಹಿಮಾಬಿ ಬಾಗಿಲ ಹಿಂದೆ ಕುಸಿದು ಕೂತಳು. ಗಂಡ ಸತ್ತ ದಿನ ಬಂದದ್ದು ಅಳು. ಆ ದಿನ ಬಂದದ್ದು ಸಿಟ್ಟು.

ಸತ್ತಿ ಗ್ರಾಮದ ಕೆಳಗೆ ಕೃಷ್ಣಾ ಹೊಳೆ ತಿರುಗುವಲ್ಲಿ ಇರುವ ಊರು ಅದು. ದಂಡೆಯೆಲ್ಲ ಎರೆಮಣ್ಣು. ಒಣಗಿದರೆ ಕಬ್ಬಿಣ, ನೆನೆದರೆ ಬೆಣ್ಣೆ. ಹಿಂದೆ ನೀರಿಗೆ ಹೋದ ಹೆಂಗಸರು ಕೊಡ ಹೊತ್ತು ಆ ಇಳಿಜಾರು ಹತ್ತುತ್ತಿದ್ದರು, ಬೀಳುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ಇಮಾಮಸಾಬ ಫೌಜಿಗೆ ಸೇರಿದ ಮೇಲೆ ಒಂದು ಬೆಳಿಗ್ಗೆ ರಹಿಮಾಬಿಯೂ ಬಿದ್ದಳು. ಸೊಂಟದ ಎಲುಬು ಸರಿದು ಮೂರು ತಿಂಗಳು ಹಾಸಿಗೆ ಹಿಡಿದಳು. ಎದ್ದಾಗ ಎಡಗಾಲು ಗಿಡ್ಡವಾಗಿತ್ತು.

ರಜೆಗೆ ಬಂದ ಇಮಾಮಸಾಬ ಹೆಂಡತಿ ಕುಂಟುವುದನ್ನು ನೋಡಿದ. ಮರುದಿನ ನಸುಕಿನಲ್ಲಿ ಕೊಡ ತೆಗೆದುಕೊಂಡು ತಾನೇ ಹೊಳೆಗೆ ನಡೆದ. ಖಾಕಿ ಚಡ್ಡಿ ಹಾಕಿದ ಸಿಪಾಯಿ ತಲೆಯ ಮೇಲೆ ಸಿಂಬಿ ಇಟ್ಟು ಕೊಡ ಹೊತ್ತು ಬರುವುದನ್ನು ನೋಡಿ ಊರಿಗೆ ಊರೇ ನಕ್ಕಿತು. ಮಿಲಿಟ್ರಿಯವ ನೀರು ಹೊರತಾನ, ಹೆಂಡತಿ ಹುಕುಂ ಕೊಡತಾಳ ಎಂದು ಹೆಂಗಸರು ಆಡಿಕೊಂಡರು. ನಗುವವರಿಗೆ ಹಲ್ಲು ಇರಲಿ ಬಿಡು ಎಂದು ಅವನು ರಜೆ ಮುಗಿಯುವವರೆಗೂ ಹೊತ್ತ.

ಅವನದು ಸೇತುವೆ ಕಟ್ಟುವ ಪಲ್ಟನ್. ಎರಡು ಯುದ್ಧ ನೋಡಿದ. ಎರಡರಲ್ಲೂ ಹಲಗೆ ಹೊತ್ತ, ಹಗ್ಗ ಬಿಗಿದ, ಕೊರೆಯುವ ನೀರಿನಲ್ಲಿ ಎದೆಮಟ ನಿಂತು ಬೇರೆಯವರನ್ನು ದಾಟಿಸಿದ. ಪಿಂಚಣಿ ತೆಗೆದುಕೊಂಡು ಊರಿಗೆ ಬಂದ ಮೇಲೆ ಪ್ರತಿ ಬೇಸಿಗೆ ಹೊಳೆ ಇಳಿದಂತೆಲ್ಲ ಒಂದೊಂದು ಪಾವಟಿಗೆ ಹಾಕುತ್ತ ಕೆಳಗಿಳಿದ. ಜೊತೆಗೆ ನಿಂತವನು ಗೆಳೆಯ ಮುರಗೆಪ್ಪ ಒಬ್ಬನೇ. ಎತ್ತು, ಗಾಡಿ, ಹಾರೆ ಅವನವು, ಹಟ ಇವನದು. "ಪಲ್ಟನ್‌ನ್ಯಾಗ ಕಟ್ಟಿದ್ದೆಲ್ಲಾ ಬಿಚ್ಚಿ ಹೊತಕೊಂಡು ಬಂದ್ವಿ. ಇದೊಂದ ಬಿಚ್ಚೂದಲ್ಲ," ಎನ್ನುತ್ತಿದ್ದ ಇಮಾಮಸಾಬ.

ಪ್ರತಿ ಕಲ್ಲಿನ ಮೈಗೂ ಅಡ್ಡಡ್ಡ ಉಳಿಗೀರು ಹಾಕುತ್ತಿದ್ದ. ಒದ್ದೆ ಕಾಲಿಗೆ ಹಿಡಿತ ಸಿಗಬೇಕಲ್ಲ. ಕೊರಳಿಗೆ ಪಲ್ಟನ್ನಿನ ಸೀಟಿ. ನಾಲ್ಕು ಮಂದಿ ಒಟ್ಟಿಗೆ ಕಲ್ಲು ಎತ್ತಬೇಕಾದರೂ ಸೀಟಿ, ಯಾರಾದರೂ ಎಮ್ಮೆಯನ್ನು ಪಾವಟಿಗೆ ಮೇಲೆ ಇಳಿಸಿದರೂ ಸೀಟಿ. ನಸುಕಿನಲ್ಲಿ ಅದೇ ಪಾವಟಿಗೆ ಮೇಲೆ ಕೂತು ಕೈಕಾಲು ತೊಳೆದು ವಜೂ ಮಾಡಿ ನಮಾಜಿಗೆ ಹೋಗುತ್ತಿದ್ದ. ಮೊಹರಮ್ಮಿನ ಡೋಲಿ ಅಲ್ಲೇ ಇಳಿದು ಹೊಳೆ ಸೇರುತ್ತಿತ್ತು, ಗಣಪತಿಯೂ ಅಲ್ಲೇ. ಎರಡು ದಿನವೂ ಮಂದಿ ತಳ್ಳಾಡದಂತೆ ಸೀಟಿ ಊದುತ್ತ ನಿಲ್ಲುವವನು ಇವನೇ.

ಹಾಗೆಂದು ಮನೆಯಲ್ಲಿ ಅವನಿಗೆ ಯಾರೂ ಆರತಿ ಎತ್ತಿ ಕೂತಿರಲಿಲ್ಲ. ಸೋರುವ ಮಾಳಿಗೆಗೆ ಮಣ್ಣು ಹಾಕಬೇಕಾದ ಬೇಸಿಗೆಯಲ್ಲೇ ಅವನಿಗೆ ಹೊಳೆಯ ಹುಚ್ಚು. ಮಳೆ ಬಂದರೆ ಮನೆಯೊಳಗೆ ತಾಟು, ತಂಬಿಗೆ, ಹಿಟ್ಟಿನ ಡಬ್ಬಿಯ ಮುಚ್ಚಳ, ಎಲ್ಲವೂ ನೀರು ಹಿಡಿಯಲು ಸಾಲಾಗಿ ಕೂರುತ್ತಿದ್ದವು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ರಹಿಮಾಬಿ ಬಾಯಿ ಬಿಟ್ಟು ಹೇಳುತ್ತಿದ್ದಳು. ಅವನು ಹೌದಲ್ಲಾ ಎಂದು ಮೇಲೆ ನೋಡಿ, ಚಹಾ ಕುಡಿದು, ಹಾರೆ ಹೆಗಲಿಗೇರಿಸಿ ಹೊರಡುತ್ತಿದ್ದ.

ಹೋದ ವರ್ಷದ ಹೊಳೆ ಎಲ್ಲಕ್ಕಿಂತ ಕೆಳಗಿನ ಪಾವಟಿಗೆಯನ್ನು ಒಯ್ದುಬಿಟ್ಟಿತ್ತು. ಅದು ಎರಡು ತುಂಡು ಕೂಡಿಸಿ ಹಾಕಿದ್ದು. ಇನ್ನು ಮೇಲೆ ಅಲ್ಲಿ ಅಖಂಡ ಕಲ್ಲೇ ಬೇಕು ಎಂದ ಇಮಾಮಸಾಬ. ಕೆಳಗಿನದು ಬರೀ ಪಾವಟಿಗೆಯಲ್ಲ, ಮೇಲಿನವನ್ನೆಲ್ಲ ಹೊತ್ತ ಹೆಗಲು. ಅದಿಲ್ಲದೆ ಇನ್ನೊಂದು ಮಳೆಗಾಲ ಬಂದರೆ ಹೊಳೆ ಅಡಿಯ ಮಣ್ಣು ಕೊರೆದು ಒಂದೊಂದೇ ಎಳೆಯುತ್ತದೆ, ಹನ್ನೆರಡು ವರ್ಷದ ಕೆಲಸ ಒಂದೇ ತಿಂಗಳಲ್ಲಿ ನೀರುಪಾಲು ಎಂದು ಅವನು ಹೆಂಡತಿಗೆ ಹತ್ತು ಸಲ ಹೇಳಿದ್ದ. ಆ ಜಾಗ ನೀರಿನಿಂದ ಹೊರಬೀಳುವುದು ಬೇಸಿಗೆಯ ಕಡೆಗೆ ಮಾತ್ರ. ಕಲ್ಲು ಹೇಳಿಟ್ಟು, ಬೇಸಿಗೆ ಕಾಯುತ್ತ ಕೂತವನು, ಎಂಬತ್ತಾರರ ಜನವರಿಯ ಚಳಿಯಲ್ಲಿ ಬೆಳಗಿನ ನಮಾಜು ಮುಗಿಸಿ ಗೋಡೆಗೆ ಒರಗಿದ. ಮತ್ತೆ ಏಳಲಿಲ್ಲ.

ಹದಿನೈದು ದಿನಕ್ಕೆ ಚಾವಡಿಯ ಮುಂದೆ ಶ್ರದ್ಧಾಂಜಲಿ ಸಭೆ ಆಯಿತು. ಮೈಕಿನ ದನಿ ರಹಿಮಾಬಿಯ ಅಡುಗೆಮನೆಗೆ ನೇರವಾಗಿ ಬರುತ್ತಿತ್ತು. ಒಬ್ಬರು ಹವಾಲ್ದಾರ ಒಬ್ಬನೇ ಹತ್ತು ಶತ್ರುಗಳನ್ನು ಹೊಡೆದನೆಂದರು. ಮುಂದಿನವರು ಅದನ್ನು ಇಪ್ಪತ್ತಕ್ಕೆ ಏರಿಸಿದರು. ಭಾವುಸಾಹೇಬನ ಸರದಿ ಬರುವಷ್ಟರಲ್ಲಿ ಇಮಾಮಸಾಬ ಒಂದು ಟ್ಯಾಂಕನ್ನೇ ಸುಟ್ಟಿದ್ದ.

"ಅಮ್ಮೀ, ಅಬ್ಬಾ ಖರೇನ ಹಂಗ ಮಾಡಿದ್ರೇನು?" ಎಂದು ಕೇಳಿದಳು ಕಮರುನ್ನಿಸಾ. ಅವಳು ರಾಯಬಾಗದ ಗಂಡನ ಮನೆಯಿಂದ ತಾಯಿಯ ಜೊತೆಗಿರಲು ಬಂದಿದ್ದಳು.

"ನಿಮ್ಮಪ್ಪಗ ಕೋಳಿ ಕೊಯ್ಯಾಕ ಕೈ ನಡಗತಿತ್ತು," ಎಂದು ರಹಿಮಾಬಿ ರೊಟ್ಟಿಯನ್ನು ಹಂಚಿನ ಮೇಲೆ ಬಡಿದಳು. "ಟ್ಯಾಂಕ ಸುಟ್ಟನಂತ, ಟ್ಯಾಂಕ. ಅದು ದಾಟೂ ಹಲಗಿ ಹೊತ್ತಾವ ಅವ."

ಸಭೆ ಮುಗಿಯುವವರೆಗೂ ಅವಳು ಕಿವಿಗೊಟ್ಟು ಕಾದಳು. ಮಂದಿ ಅವನ ದೇಶಪ್ರೇಮ ಹೊಗಳಿದರು, ಶಿಸ್ತು ಹೊಗಳಿದರು, ಮೀಸೆಯನ್ನೂ ಹೊಗಳಿದರು. ಪಾವಟಿಗೆ ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಭಾಷಣ ಮಾಡಿದವರ ಮನೆಗಳಿಗೆಲ್ಲ ಆ ದಿನದ ನೀರು ಆ ಪಾವಟಿಗೆ ಹತ್ತಿಯೇ ಬಂದಿತ್ತು.

ಆಮೇಲೆ ಕಲ್ಲುಕುಟಿಗ ಬಂದು ಕಲ್ಲಿನ ಒಂದು ಮೈಯನ್ನು ಕನ್ನಡಿಯ ಹಾಗೆ ತಿಕ್ಕಿದ. ನೆತ್ತಿಗೆ ಒಂದು ಬಂದೂಕು ಕೆತ್ತಿದ. ಹೆಸರು ಕೆತ್ತಬೇಕೆನ್ನುವಾಗ ಕೆಲಸ ನಿಂತಿತು. ಆ ವರ್ಷ ಗಡಿಯ ಗಲಾಟೆ ಮತ್ತೆ ಎದ್ದಿತ್ತು. ನಿಪ್ಪಾಣಿ ಕಡೆಯಿಂದ ಬರುವ ಬಸ್ಸಿನ ಬೋರ್ಡುಗಳಿಗೂ ಡಾಂಬರು ಹತ್ತಿತ್ತು. ಹೆಸರು ಕನ್ನಡದಲ್ಲೇ ಇರಬೇಕು, ಅವ ಈ ಮಣ್ಣಿನ ಮಗ ಎಂದರು ವಿರುಪಾಕ್ಷಪ್ಪ ಮಾಸ್ತರರು. ಪಲ್ಟನ್ನಿನಲ್ಲಿ ಅವ ಆಡಿದ್ದು ಮರಾಠಿ, ಊರಿನ ಅರ್ಧ ಮಂದಿ ಓದುವುದೂ ಮರಾಠಿ ಎಂದ ಭಾವುಸಾಹೇಬ. ಸೋಮವಾರ ಕನ್ನಡದಲ್ಲಿ ಸುಣ್ಣದ ಅಕ್ಷರ ಬರೆದರೆ ಮಂಗಳವಾರ ಒರೆಸಿ ಮರಾಠಿಯಲ್ಲಿ ಬರೆದಿರುತ್ತಿತ್ತು. ಅಥಣಿಯಿಂದ ಬಂದ ದೂರದ ನೆಂಟನೊಬ್ಬ ಉರ್ದು ಎಂದು ನಡುವೆ ಬಾಯಿ ಹಾಕಿ ಎರಡೂ ಕಡೆಯಿಂದ ಬೈಸಿಕೊಂಡು ಹೋದ. ಕಲ್ಲುಕುಟಿಗ ಉಳಿ ಕಟ್ಟಿಕೊಂಡು ಬೇರೆ ಊರು ನೋಡಿಕೊಂಡ.

ಹೆಸರಿಲ್ಲದ ಕಲ್ಲು ಚಾವಡಿಯ ಗೋಡೆಗೆ ಒರಗಿ ನಿಂತಿತು. ದಾರಿಯಲ್ಲಿ ಹೋಗುವ ಹೆಂಗಸರು ಬಂದೂಕಿಗೆ ಕುಂಕುಮ ಹಚ್ಚತೊಡಗಿದರು. ಕುಂಕುಮ ಕಂಡಲ್ಲಿ ಕೈ ಮುಗಿಯುವ ಊರು ಅದು, ತಪ್ಪೇನೂ ಅಲ್ಲ. ಆದರೆ ದಿನ ಕಳೆದಂತೆ ಕಲ್ಲು ದೇವರಾಗುತ್ತಿತ್ತು, ಹೊಳೆ ಇಳಿಯುತ್ತಿತ್ತು, ರಹಿಮಾಬಿ ಒಳಗೆ ಕುದಿಯುತ್ತಿದ್ದಳು.

ಮೇ ತಿಂಗಳಲ್ಲಿ ಅವಳು ಮುರಗೆಪ್ಪನಿಗೆ ಹೇಳಿ ಕಳಿಸಿದಳು. ಅವನು ಬಂದು ಹೊರಗಿನ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತ. ಅವಳು ಒಳಗೆ ಬಾಗಿಲಿಗೆ ಒರಗಿ ಕೂತಳು. ನಡುವೆ ಒಂದು ಹಲಗೆ.

"ನೀರು ಎಲ್ಲಿಗೆ ಬಂದೈತಿ, ಅಣ್ಣಾ?"

"ಕಡೀ ಪಾವಟಿಗಿ ಜಾಗ ಬಿಟ್ಟು ಕೆಳಗ ಹೋಗೈತಿ, ತಂಗಿ. ಕೆಸರು ಕಾಣಾಕತ್ತೈತಿ."

"ಮತ್ಯಾಕ ಕುಂತಿ? ಕಲ್ಲು ತಂದು ಹಾಕು."

ಮುರಗೆಪ್ಪ ತಂಬಾಕು ತಿಕ್ಕಿದ. "ಭಾವುಸಾಹೇಬಗ ಹೇಳಿದೆ. ಹವಾಲ್ದಾರನ ಕಲ್ಲು ಮಂದಿ ತುಳೀಬೇಕೇನಲೇ ಅಂತ ಬೈದಾ."

"ಅವ ಬೈದರ ಬೈಲಿ. ನೀ ಏನಂತಿ?"

"ಕಾಯಿ ಒಡದ ಕಲ್ಲೈತಿ, ತಂಗಿ," ಎಂದ ಮುರಗೆಪ್ಪ. ದನಿ ಸಣ್ಣದಾಗಿತ್ತು. "ನಾಕ ಮಂದಿ ಕೈ ಮುಗದಾರ. ಅದರ ಮ್ಯಾಲ ನಾ ಹೆಂಗ ಕಾಲಿಡ್ಲಿ? ನನ್ನ ಸೊಸಿ ಹೆಂಗ ಇಡತಾಳ? ಪಾಪ ಹತ್ತತೈತಿ."

"ಹಂಗಾರ ಬ್ಯಾರೆ ಕಲ್ಲು ತರಸು."

"ಖಣಿಯವರನ್ನ ಕೇಳಿ ಬಂದೀನಿ. ಅಷ್ಟು ದೊಡ್ಡದು ಮತ್ತ ಏಳಬೇಕಂದ್ರ ದೀಪಾವಳಿ ಅಂತಾರ."

ರಹಿಮಾಬಿಗೆ ಸಿಟ್ಟು ನೆತ್ತಿಗೇರಿತು. "ಅವ ಇದ್ದಾಗ ಅಣ್ಣಾ ತಮ್ಮಾ ಅಂತ ಹನ್ನೆರಡು ವರ್ಷ ತಿರುಗಿದಿ. ಈಗ ಒಂದು ಚಿಟಿಗಿ ಕುಂಕುಮಕ್ಕ ಹೆದರಿ ಕುಂತೀಯಲ್ಲ. ಕಾಯಿ ಒಡಿಯೂ ದಿನಾ ಅಲ್ಲೇ ನಿಂತಿದ್ದಿ. ಆಗ ಬಾಯಾಗ ಏನಿತ್ತು?"

ಮುರಗೆಪ್ಪ ಎದ್ದು ಹೋದ ಹೆಜ್ಜೆಯ ಸದ್ದು ಕೇಳಿತು. ಅವನಿಗೂ ಸಂಕಟವೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ಇಳಿಯಲಿಲ್ಲ. ಸತ್ತವನ ಮೇಲೂ ಬಂತು. ಇಷ್ಟು ಮಂದಿಗೆ ನೀರು ಹತ್ತಿರ ಮಾಡಿದವನು ಒಬ್ಬನಿಗಾದರೂ ಬುದ್ಧಿ ಹತ್ತಿರ ಮಾಡಬಾರದಿತ್ತೇ ಎಂದುಕೊಂಡಳು.

ಅಷ್ಟರಲ್ಲಿ ರಮಜಾನ್ ಬಂತು. ಉರಿಬಿಸಿಲಿನ ರೋಜಾ ಉಪವಾಸ, ಉಗುಳು ನುಂಗಿದರೂ ಗಂಟಲು ಕೆರೆಯುತ್ತಿತ್ತು. ಒಂದು ಸಂಜೆ ನೀರಿಗೆ ಹೋದ ಕಮರುನ್ನಿಸಾ ಬರಿಗೈಯಲ್ಲಿ ಮರಳಿದಳು. ಸೀರೆಯ ಒಂದು ಪಕ್ಕವೆಲ್ಲ ಎರೆಮಣ್ಣು, ಮೊಣಕೈ ಕೆತ್ತಿ ರಕ್ತ.

"ಕಡೀ ಪಾವಟಿಗಿ ಜಾಗದಾಗ ಕೆಸರಿಗೆ ಇಳದೆ ಅಮ್ಮೀ, ಕಾಲ ಜಾರಿತು. ಏನೂ ಆಗಿಲ್ಲ. ಕೊಡ ಅಷ್ಟ ಹೊಳಿಗೆ ಹೋತು." ಹೇಳಿ ಅವಳು ನಗಲು ನೋಡಿದಳು. "ಮ್ಯಾಲಿನ ಕಲ್ಲೂ ಅಳ್ಳಾಡಾಕತ್ತೈತಿ."

ರಹಿಮಾಬಿ ಮಗಳ ಸೊಂಟ ಮುಟ್ಟಿ ನೋಡಿದಳು, ಕಾಲು ಮುಟ್ಟಿ ನೋಡಿದಳು, ಎದ್ದು ನಡೆದು ತೋರಿಸು ಎಂದಳು. ಮಗಳು ನಡೆದಳು. ಇನ್ನೊಮ್ಮೆ ನಡೆ ಎಂದಳು. ಮಗಳು ನೆಟ್ಟಗೇ ನಡೆದದ್ದು ನೋಡಿದ ಮೇಲೆ ಗೋಡೆಗೆ ತಲೆಯಿಟ್ಟು ಅತ್ತಳು. ಗಂಡ ಸತ್ತ ಮೇಲೆ ಅಷ್ಟು ಜೋರಾಗಿ ಅತ್ತದ್ದು ಅದೇ ಮೊದಲು.

ಇದ್ದತ್ ಮುಗಿದಾಗ ರಮಜಾನ್ ಹಬ್ಬಕ್ಕೆ ನಾಲ್ಕೈದು ದಿನ ಉಳಿದಿತ್ತು. ಮುಂಗಾರಿನ ಮಿರಗದ ಮಳೆ ಘಟ್ಟದ ಮೇಲೆ ಆಗಲೇ ಶುರುವಾಗಿತ್ತು. ಅಂಕಲಿ ಸೇತುವೆಯ ಹತ್ತಿರ ಕೆಂಪು ನೀರು ಕಂಡಿತೆಂದು ಬಸ್ಸಿನವರು ಸುದ್ದಿ ತಂದಿದ್ದರು. ಮೊದಲು ದರ್ಗಾಕ್ಕೆ ಹೋಗಿ ಬರೋಣ ಎಂದಳು ಮಗಳು. ರಹಿಮಾಬಿ ಬಿಳಿ ಸೆರಗು ಹೊದ್ದು, ಗಂಡನ ಸೀಟಿಯನ್ನು ಎಲೆಸಂಚಿಯಲ್ಲಿ ಹಾಕಿಕೊಂಡು, ಕುಂಟುತ್ತ ನೇರವಾಗಿ ಚಾವಡಿಗೆ ನಡೆದಳು.

ಚಾವಡಿಯ ಕಟ್ಟೆಯ ಒಂದು ತುದಿಗೆ ಭಾವುಸಾಹೇಬ ಮರಾಠಿ ಪೇಪರು, ಇನ್ನೊಂದು ತುದಿಗೆ ಮಾಸ್ತರರು ಕನ್ನಡ ಪೇಪರು ಹಿಡಿದು ಕೂತಿದ್ದರು. ಇಬ್ಬರ ನಡುವೆ ಕಲ್ಲು. ಅವಳನ್ನು ಕಂಡು ಇಬ್ಬರೂ ಎದ್ದು ನಿಂತರು.

"ಕಲ್ಲು ಒಯ್ಯಾಕ ಬಂದೀನ್ರಿ," ಎಂದಳು ರಹಿಮಾಬಿ.

"ವೈನಿ, ಅದು ಸ್ಮಾರಕ," ಎಂದು ಭಾವುಸಾಹೇಬ ಶುರುಮಾಡಿದ. "ಹಬ್ಬ ಆಗ್ಲಿ. ಆಮದಾರರನ್ನ ಕರಸಿ, ಛಂದ ಕಾರ್ಯಕ್ರಮ ಮಾಡಿ—"

"ಹೊಸ ನೀರು ಎಮ್ಮೆಲ್ಲೆ ಸಾಹೇಬರ ಸಲುವಾಗಿ ನಿಂದರತೈತೇನ್ರಿ?"

"ಪೂಜಿ ಆದ ಕಲ್ಲು, ರಹಿಮಾಬಿ," ಎಂದರು ಮಾಸ್ತರರು ಸಮಾಧಾನದಿಂದ. "ಅದನ್ನ ತುಳಿಯೂದು ಚಲೋ ಅಲ್ಲ. ಮಂದಿ ಮನಸಿಗೆ ಹತ್ತತೈತಿ."

ಅವಳು ಕಟ್ಟೆಯ ಅಂಚಿಗೆ ಕೂತಳು. ರೋಜಾದ ದಣಿವಿಗೆ ಉಸಿರು ಹತ್ತಿತ್ತು. ನಾಲ್ಕು ತಿಂಗಳು ಬಾಗಿಲ ಹಿಂದೆ ಕೂತು ಆಡಬೇಕೆಂದುಕೊಂಡ ಬೈಗುಳಗಳೆಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಅವನ್ನು ನುಂಗಿಕೊಂಡು ಬೇರೆಯೇ ಕೇಳಿದಳು.

"ಗಣಪತಿಗೆ ಪೂಜಿ ಮಾಡತೀರಲ್ಲ ಭಾವುಸಾಹೇಬ, ಆಮ್ಯಾಲ ಏನ್ ಮಾಡತೀರಿ?"

"ಹೊಳಿಗೆ ಬಿಡತೀವಿ."

"ಬಿಟ್ಟರ ದೇವರಿಗೆ ಅಪಮಾನ ಆಗತೈತೇನು?"

"ಅದೆಂಗ ಆಗತೈತಿ? ಬಿಡಲಿಲ್ಲಂದ್ರ ಅಪಮಾನ."

"ನಮ್ಮ ಡೋಲಿನೂ ಅಲ್ಲೇ ಬಿಡತಾರ. ಈ ಕಲ್ಲಿಗೆ ನಾಕ ತಿಂಗಳ ಪೂಜಿ ಮಾಡೀರಿ. ಉಪಕಾರ ಆತು. ಈಗ ಹೊಳಿಗೆ ಬಿಡೂನು." ಅವಳು ಕಲ್ಲಿನ ಹಿಂದೆ ಕೈ ಹಾಕಿ ಒರಟು ಮೈ ಸವರಿದಳು. "ಮಾರಿ ಕೆಳಗ ಮಾಡಿ ಬಿಡೂನು. ಕುಂಕುಮ, ಬಂದೂಕು ಎಲ್ಲಾ ಹೊಳೆವ್ವನ ಕಡೆ ಇರ್ಲಿ. ಬೆನ್ನಿಗೆ ಯಾರೂ ಕಾಯಿ ಒಡದಿಲ್ಲ."

ಭಾವುಸಾಹೇಬ ಮಾಸ್ತರರ ಮುಖ ನೋಡಿದ. ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಮತ್ತ ಹೆಸರು?" ಎಂದರು.

"ಯಾವ ಅಕ್ಷರದಾಗ ಬರೀಬೇಕಂತ ನಿಮಗ ಬಗಿಹರೀಲಿಲ್ಲ. ಹೊಳಿಗೆ ಓದಾಕ ಬರೂದಿಲ್ಲ ಬಿಡ್ರಿ."

ಕಟ್ಟೆಯ ಕೆಳಗೆ ನೆರೆದ ಮಂದಿಯಲ್ಲಿ ಯಾರೋ ನಕ್ಕರು. ಭಾವುಸಾಹೇಬನಿಗೂ ಮಾಸ್ತರರಿಗೂ ಒಳಗೊಳಗೆ ಜೀವ ಹಗುರಾದಂತೆ ಕಂಡಿತು. ಕಲ್ಲು ಬೋರಲು ಬಿದ್ದರೆ ಕನ್ನಡವೂ ಸೋಲುವುದಿಲ್ಲ, ಮರಾಠಿಯೂ ಸೋಲುವುದಿಲ್ಲ. ಜಗಳ ಬಿಡಲು ನೆವ ಹುಡುಕುತ್ತಿದ್ದವರಿಗೆ ಹೊಳೆಗಿಂತ ದೊಡ್ಡ ನೆವ ಯಾವುದು. ಹಿಂದಿನಿಂದ ಮುರಗೆಪ್ಪ ಮುಂದೆ ಬಂದ. ರಹಿಮಾಬಿಯ ಮುಖ ನೋಡದೆ, "ಗಾಡಿ ಹೂಡಕೊಂಡು ಬರತೀನಿ," ಎಂದಷ್ಟೇ ಹೇಳಿ ಹೋದ.

ಮಧ್ಯಾಹ್ನ ಹೊಳೆಯಲ್ಲಿ ಕೆಲಸ ಶುರುವಾಯಿತು. ನೀರು ಆಗಲೇ ಗೇಣು ಏರಿತ್ತು, ಅಂಚಿಗೆ ಕೆಂಪು ನೊರೆ ಬಂದಿತ್ತು. ಮುರಗೆಪ್ಪ ಕೆಸರು ತೋಡಿ ಹರಳುಗಲ್ಲು ಬಡಿದು ಹಾಸಿಗೆ ಮಾಡಿದ. ಕಲ್ಲನ್ನು ಹಗ್ಗ ಕಟ್ಟಿ ಪಾವಟಿಗೆಗಳ ಮೇಲಿಂದ ಇಳಿಸಿದರು. ಬೋರಲು ಮಾಡುವ ಮೊದಲು ಮುರಗೆಪ್ಪ ಕಲ್ಲಿಗೆ ಕೈ ಮುಗಿದ, ಕಣ್ಣು ಒರೆಸಿಕೊಂಡ. ಭಾವುಸಾಹೇಬ ಧೋತರ ಎತ್ತಿ ಕಟ್ಟಿ ಒಂದು ಕಡೆ ನಿಂತ. ಮಾಸ್ತರರು ಬೂಟು ಬಿಚ್ಚಿ ಇನ್ನೊಂದು ಕಡೆ ನಿಂತರು. ಅಲ್ಲಿಗೆ ಬಂದ ಮೇಲೂ ಹಳೆಯ ಚಾಳಿ ಬಿಡಲಿಲ್ಲ.

"ಉಚಲಾ," ಎಂದ ಭಾವುಸಾಹೇಬ ಮರಾಠಿಯಲ್ಲಿ.

"ಎತ್ರಿ," ಎಂದರು ಮಾಸ್ತರರು, ಅವನದು ಮುಗಿದ ಮೇಲೆ.

ಒಂದು ಕಡೆ ಎದ್ದಿತು, ಇನ್ನೊಂದು ಕಡೆ ಏಳಲಿಲ್ಲ. ಕಲ್ಲು ಹಾರೆಯಿಂದ ಜಾರಿ ಕೆಸರಿಗೆ ಧೊಪ್ಪನೆ ಬಿತ್ತು. ಮುರಗೆಪ್ಪ ಕಾಲು ಎಳೆದುಕೊಳ್ಳದಿದ್ದರೆ ಅವತ್ತೇ ಅವನಿಗೂ ಒಂದು ಶ್ರದ್ಧಾಂಜಲಿ ಸಭೆ ಆಗುತ್ತಿತ್ತು. ನೀ ಮೊದಲು ಎತ್ತಿದಿ, ನೀನು ತಡಾ ಮಾಡಿದಿ ಎಂದು ಇಬ್ಬರೂ ಶುರುಮಾಡಿದರು. ನೀರು ಮುರಗೆಪ್ಪನ ಮೊಣಕಾಲಿಗೆ ಬಂತು.

ಮೇಲಿನ ಪಾವಟಿಗೆಯ ಮೇಲೆ ಕೂತ ರಹಿಮಾಬಿಗೆ ಇನ್ನು ತಡೆಯಲಾಗಲಿಲ್ಲ. ಎಲೆಸಂಚಿಯಿಂದ ಸೀಟಿ ತೆಗೆದಳು. ಒಣಗಿದ ತುಟಿಗೆ ಮೊದಲ ಸಲ ದನಿ ಬರಲಿಲ್ಲ, ಬರೀ ಗಾಳಿ ಬಂತು. ಎರಡನೆಯ ಸಲ ಸೀಟಿ ಹೊಳೆಯ ಆಚೆ ದಂಡೆಗೂ ಕೇಳುವಂತೆ ಕೂಗಿತು. ಕಬ್ಬಿನ ಗದ್ದೆಯಲ್ಲಿದ್ದವರು ತಲೆಯೆತ್ತಿ ನೋಡಿದರು. ಹೊಳೆಗೆ ಇಳಿಯುತ್ತಿದ್ದ ಯಾರದೋ ಎಮ್ಮೆ ಗಕ್ಕನೆ ನಿಂತಿತು. ಹಗ್ಗ ಹಿಡಿದವರೆಲ್ಲ ಬಗ್ಗಿದರು. ಇನ್ನೊಂದು ಸಲ ಊದಿದಳು. ಕಲ್ಲು ಒಮ್ಮೆಲೇ ಎದ್ದು, ಮಗ್ಗುಲಾಗಿ, ಬೋರಲಾಗಿ ತನ್ನ ಜಾಗದಲ್ಲಿ ಕೂತಿತು. ಬೆನ್ನ ಮೇಲೆ ಅಡ್ಡಡ್ಡ ಉಳಿಗೀರು ಹೊಡೆಯಲು ಮುರಗೆಪ್ಪನಿಗೆ ಸಂಜೆಯವರೆಗೂ ಹಿಡಿಯಿತು. ಕಡೆಯ ಗೀರುಗಳನ್ನು ನೀರೊಳಗೇ ಕೈಯಾಡಿಸಿ, ಅಂದಾಜಿನಿಂದ ಹೊಡೆದ.

ಭಾವುಸಾಹೇಬ ಮರುದಿನ ಕಾರ್ಯಕ್ರಮ ಮಾಡದೇ ಬಿಡಲಿಲ್ಲ. ಆಮದಾರರು ಬರಲಿಲ್ಲ, ಫೋಟೋದವನು ಬಂದ. ದಂಡೆಯ ಮೇಲೆ ಮಾಲೆ ಹಿಡಿದು ನಿಂತ ಮಂದಿಯ ಮುಂದೆ ಕೆಂಪು ನೀರು ಹರಿಯುತ್ತಿತ್ತು. ಕಲ್ಲು ಎಲ್ಲಿದೆಯೆಂದು ಯಾರಿಗೂ ಕಾಣಲಿಲ್ಲ. ಎಲ್ಲಿ ಹಾಕಲಿ ಎಂದು ಕೇಳಿ ಕೇಳಿ ಭಾವುಸಾಹೇಬ ಮಾಲೆಯನ್ನು ನೀರಿಗೆ ಬಿಟ್ಟ. ಭಾಷಣದಲ್ಲಿ ಮತ್ತೆ ಟ್ಯಾಂಕು ಬಂತು.

ಮಂದಿ ಚದುರಿದ ಮೇಲೆ ಹೊತ್ತು ಮುಳುಗುವಾಗ ರಹಿಮಾಬಿ ಒಬ್ಬಳೇ ಪಾವಟಿಗೆ ಇಳಿದಳು. ಸೆರಗಿನ ತುದಿಯಲ್ಲಿ ಒಂದು ಖರ್ಜೂರ ಕಟ್ಟಿಕೊಂಡಿದ್ದಳು. ಒಣಗಿದ ಪಾವಟಿಗೆಗಳು ಮುಗಿದವು. ಒದ್ದೆಯದೊಂದು ಬಂತು, ನಿನ್ನೆಯವರೆಗೂ ಅಳ್ಳಾಡುತ್ತಿದ್ದ ಅದು ಈಗ ಅಲುಗಲಿಲ್ಲ. ಅದರಾಚೆ ನೀರು. ಅವಳು ಸೀರೆ ಎತ್ತಿ ಹಿಡಿದು, ಗಿಡ್ಡಾದ ಎಡಗಾಲನ್ನೇ ಮೊದಲು ನೀರೊಳಗೆ ಚಾಚಿದಳು. ಹುಡುಕಿದಳು. ಹೆಬ್ಬೆರಳಿಗೆ ಒಂದು ಗೀರು ಹತ್ತಿತು, ಅದರ ಪಕ್ಕದಲ್ಲಿ ಇನ್ನೊಂದು. ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಇನ್ನೊಂದು ಕಾಲನ್ನೂ ತಂದು ನಿಂತಳು.

"ಆತಿಲ್ಲೋ ನಿನ್ನ ಪಾವಟಿಗಿ," ಎಂದಳು ನೀರಿಗೆ. "ಇನ್ನ ಮಾಳಿಗಿಗೆ ಮಣ್ಣು ಯಾರು ಹಾಕವರು?"

ಊರಿನ ಕಡೆಯಿಂದ ರೋಜಾ ಬಿಡುವ ಹೊತ್ತಿನ ಮಗ್ರಿಬ್ಬಿನ ಅಜಾನ್ ಕೇಳಿಸಿತು. ಅವಳು ಸೆರಗಿನ ಗಂಟು ಬಿಚ್ಚಿ ಖರ್ಜೂರವನ್ನು ಬಾಯಿಗೆ ಹಾಕಿಕೊಂಡಳು. ಹೊಸ ನೀರು ಕಾಲಿನ ಸುತ್ತ ಸುಳಿಸುತ್ತಿ ಸೆಳೆಯುತ್ತಿತ್ತು, ಕಾಲು ಜಾರಲಿಲ್ಲ.